ರ‍್ಯಾಂಕ್ ಏರಬೇಕಾದರೆ ಕೈ ಎಷ್ಟು ಸ್ಪೀಡ್ ಇರಬೇಕು? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಹಾಸನದ ಹಾಸ್ಟೆಲ್ ಹುಡುಗರಿಂದ ಹಿಡಿದು ಮೂಡಿಗೆರೆ ಕಡೆಯ ತೋಟದ ಮನೆಗಳಲ್ಲಿ ರಾತ್ರಿ ಆಡುವವರ ತನಕ, ಏಜ್ ಆಫ್ ಎಂಪೈರ್ಸ್ 2 ಎಂಬ ಕಂಪ್ಯೂಟರ್ ಯುದ್ಧದಾಟ ಹಿಡಿದವರೆಲ್ಲ ಕೇಳುವುದು ಹೆಚ್ಚುಕಮ್ಮಿ ಒಂದೇ ಮಾತು: "ಅಣ್ಣಾ, ರ‍್ಯಾಂಕ್ಡ್‌ನಲ್ಲಿ 900 ರೇಟಿಂಗ್ ಹತ್ತಿರ ಸಿಕ್ಕಿಹಾಕ್ಕೊಂಡಿದೀನಿ. ಎದುರಿಗಿರೋರ ಕೈ ಸಿಕ್ಕಾಪಟ್ಟೆ ಸ್ಪೀಡು. ಮೇಲೆ ಹೋಗೋದು ಹೇಗೆ?"

ಕೈ ಸ್ಪೀಡಿನ ಮಾತು ಸದ್ಯಕ್ಕೆ ಬಿಡಿ. ಆ ಮಟ್ಟದಲ್ಲಿ ಆಟ ಸೋಲುವುದು ಯುದ್ಧದಲ್ಲಲ್ಲ, ಟೌನ್ ಸೆಂಟರ್ (ಕೆಲಸದಾಳುಗಳು ತಯಾರಾಗುವ ಮುಖ್ಯ ಕಟ್ಟಡ) ಕೆಲಸವಿಲ್ಲದೆ ಖಾಲಿ ನಿಂತ ಹೊತ್ತಿನಲ್ಲಿ. ಒಬ್ಬ ವಿಲೇಜರ್, ಅಂದರೆ ಕೆಲಸದಾಳು, ತಯಾರಾಗಲು 25 ಸೆಕೆಂಡು, ಖರ್ಚು 50 ಫುಡ್. ಮೊದಲ ಹದಿನೈದು ನಿಮಿಷದಲ್ಲಿ ಟೌನ್ ಸೆಂಟರ್ ಬಿಟ್ಟುಬಿಟ್ಟು ಒಟ್ಟು 2 ನಿಮಿಷ ಸುಮ್ಮನಿದ್ದರೆ ಹತ್ತಿರ ಹತ್ತಿರ ಐದು ವಿಲೇಜರ್ ಕಡಿಮೆಯಾದರು. ಒಬ್ಬ ನಿಮಿಷಕ್ಕೆ ಸುಮಾರು 20 ಮರ ತರುತ್ತಾನೆ ಅಂದುಕೊಳ್ಳಿ. ಐದು ಜನ ಹತ್ತು ನಿಮಿಷದಲ್ಲಿ 1000 ಮರ. ಎದುರಾಳಿ ಎರಡು ಸ್ಟೇಬಲ್ (ಕುದುರೆ ಸೈನ್ಯದ ಲಾಯ) ಹಾಕಿ, ಎಂಟು ಹತ್ತು ಫಾರ್ಮ್ ಹೆಚ್ಚಿಗೆ ಮಾಡಿಕೊಂಡು ಬಂದಿದ್ದಾನೆ ಎಂದರೆ ಅದು ಈ ಲೆಕ್ಕದಿಂದ ಬಂದದ್ದು, ಮೌಸ್ ಹಿಡಿಯುವ ಚಾಲಾಕಿನಿಂದಲ್ಲ.

ಹಾಗಾಗಿ ಮೊದಲು ಒಂದೇ ಒಂದು ಆರಂಭವನ್ನು ಬಾಯಿಪಾಠ ಮಾಡಿ. ಅರೇಬಿಯಾ ಮ್ಯಾಪ್, ಫ್ರಾಂಕ್ಸ್ ಪಂಗಡ, 21 ಜನಸಂಖ್ಯೆಗೆ ಮುಂದಿನ ಏಜ್ ಒತ್ತಿ ಮಾಡುವ ಸ್ಕೌಟ್ (ಹಗುರ ಕುದುರೆ ಸವಾರ) ದಾಳಿ. ಫ್ರಾಂಕ್ಸ್ ಯಾಕೆಂದರೆ ಅವರ ಕುದುರೆ ಸೈನ್ಯಕ್ಕೆ ಎರಡನೆಯ ಘಟ್ಟವಾದ ಫ್ಯೂಡಲ್ ಏಜ್‌ನಿಂದಲೇ ಶೇ. 20 ಹೆಚ್ಚು ಪ್ರಾಣಬಲ ಇದೆ, ಫಾರ್ಮ್ ಅಪ್‌ಗ್ರೇಡುಗಳೂ ಪುಕ್ಕಟೆ. ನೆನಪಿಡಬೇಕಾದ ಕೆಲಸ ಒಂದು ಕಡಿಮೆಯಾಯಿತು.

ಆಟ ಶುರುವಾದಾಗ ಕೈಯಲ್ಲಿ 200 ಫುಡ್, 200 ಮರ, 100 ಚಿನ್ನ, 200 ಕಲ್ಲು ಇರುತ್ತದೆ. ಮೊದಲ ಕೆಲಸವೇ ಆ 200 ಫುಡ್‌ಗೆ ನಾಲ್ಕು ವಿಲೇಜರ್‌ಗಳನ್ನು ಸಾಲಿಗೆ ಹಾಕುವುದು. ಇಬ್ಬರು ಸೇರಿ ಒಂದು ಮನೆ, ಮೂರನೆಯವನು ಇನ್ನೊಂದು ಮನೆ ಕಟ್ಟಲಿ. ಆಗ 15 ಜನಕ್ಕೆ ಜಾಗವಾಯಿತು. ಮುಂದಿನ ಮನೆ 13 ಆಗುವಷ್ಟರಲ್ಲಿ ಏಳಬೇಕು. ಮನೆ ಇಲ್ಲದೆ ವಿಲೇಜರ್ ನಿಂತುಹೋಗುವುದು 900ರ ಮಟ್ಟದ ಆಟಗಳಲ್ಲಿ ಕಾಣುವ ಅತಿ ಸಾಮಾನ್ಯ ತಪ್ಪು. ಮನೆಗೆ ಬೇಕಾದದ್ದು 25 ಮರ ಅಷ್ಟೇ.

ಮೊದಲ ಆರು ಜನ ಕುರಿಗೆ. ಒಂದು ಕುರಿ ಪೂರ್ತಿ ಮುಗಿಯುವ ಮೊದಲು ಇನ್ನೊಂದನ್ನು ಕಡಿಯಬೇಡಿ, ಸತ್ತ ಪ್ರಾಣಿಯ ಮಾಂಸ ತಾನಾಗಿ ಕೊಳೆತು ಕಡಿಮೆಯಾಗುತ್ತದೆ. ಮುಂದಿನ ನಾಲ್ವರು ಮರಕ್ಕೆ. ಹನ್ನೊಂದನೆಯವನು ಕಾಡುಹಂದಿ ಕರೆತರಲು. ಹನ್ನೆರಡನೆಯವನು ಮನೆ ಕಟ್ಟಿ ಬೆರ್ರಿ ಪಕ್ಕ ಮಿಲ್ ಹಾಕಬೇಕು, ಅವನ ಹಿಂದೆ ಮೂವರು ಬೆರ್ರಿಗೆ. ಉಳಿದ ಐವರೂ ಮರಕ್ಕೆ. ಅಲ್ಲಿಗೆ ಟೌನ್ ಸೆಂಟರ್ ಅಡಿಯಲ್ಲಿ ಏಳು, ಬೆರ್ರಿಗೆ ನಾಲ್ಕು, ಮರಕ್ಕೆ ಒಂಬತ್ತು: ಇಪ್ಪತ್ತು ವಿಲೇಜರ್, ಒಂದು ಸ್ಕೌಟ್. ಆಮೇಲೆ ಲೂಮ್ (ವಿಲೇಜರ್‌ಗಳ ಪ್ರಾಣಬಲ ಹೆಚ್ಚಿಸುವ ಅಪ್‌ಗ್ರೇಡು), ಅದಾದ ಕೂಡಲೇ 500 ಫುಡ್ ಕೊಟ್ಟು ಫ್ಯೂಡಲ್.

ಮೂವರಿಂದ ಶುರುವಾದ ಆಟದಲ್ಲಿ ಇನ್ನು 17 ಜನ ಬೇಕು; ತಲಾ 25 ಸೆಕೆಂಡಿನಂತೆ 7 ನಿಮಿಷ 5 ಸೆಕೆಂಡು. ಲೂಮ್‌ಗೆ 25 ಸೆಕೆಂಡು. ಅಂದರೆ 7:30ಕ್ಕೆ ಫ್ಯೂಡಲ್ ಒತ್ತಬೇಕು, ಅದಕ್ಕೆ ಹಿಡಿಯುವ 130 ಸೆಕೆಂಡು ಸೇರಿಸಿದರೆ 9:40ಕ್ಕೆ ಫ್ಯೂಡಲ್ ತಲುಪಬೇಕು. ನೀವು ತಲುಪಿದ್ದು 10:40ಕ್ಕೆ ಎಂದಾದರೆ ಒಂದು ನಿಮಿಷ ಎಲ್ಲೋ ಸೋರಿದೆ. ಸೋರಿದ ಜಾಗ ಸಾಮಾನ್ಯವಾಗಿ ಹಂದಿ.

ಹಂದಿ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಒಂದು ಹಂದಿಯಲ್ಲಿ 340 ಫುಡ್ ಇದೆ, ಮೂರು ಕುರಿಗಿಂತ ಹೆಚ್ಚು. ಲೂಮ್ ಇಲ್ಲದ ವಿಲೇಜರ್‌ಗೆ ಪ್ರಾಣಬಲ 25, ಹಂದಿಯ ಒಂದೊಂದು ಏಟು 7. ನಾಲ್ಕನೇ ಏಟಿಗೆ ಅವನ ಕತೆ ಮುಗಿಯುತ್ತದೆ. ಬಾಣ ತಾಗಿ ಹಂದಿ ತಿರುಗಿದ ಕ್ಷಣ ಟೌನ್ ಸೆಂಟರ್ ಕಡೆಗೆ ಓಡಿಸಿ, ನಿಂತು ಇನ್ನೊಂದು ಬಾಣ ಬಿಡುವ ಆಸೆ ಬೇಡ. ಹೆಚ್ಚಿನವರು ಎಡವುವುದು ಕೊನೆಯ ಹತ್ತು ಹೆಜ್ಜೆಯಲ್ಲಿ: ಹಂದಿ ಕಂಡ ತಕ್ಷಣ ಕುರಿ ಕೊಯ್ಯುತ್ತಿದ್ದವರನ್ನೆಲ್ಲ ಅದರ ಮೇಲೆ ಕಳಿಸುತ್ತಾರೆ. ಅವರು ಎದುರು ಹೋಗಿ ದೂರದಲ್ಲೇ ಅದನ್ನು ಕೆಡವುತ್ತಾರೆ. ಆಮೇಲೆ ಪ್ರತಿಯೊಬ್ಬನೂ ಪ್ರತಿ ಸಲ ಅಷ್ಟು ದೂರ ಮಾಂಸ ಹೊತ್ತು ನಡೆಯಬೇಕು, ಫುಡ್ ನಿಧಾನವಾಗುತ್ತದೆ, ಮುಂದಿನ ವಿಲೇಜರ್‌ಗೆ 50 ಇರುವುದಿಲ್ಲ, ಟೌನ್ ಸೆಂಟರ್ ನಿಲ್ಲುತ್ತದೆ. ಹಂದಿ ಟೌನ್ ಸೆಂಟರ್ ಗೋಡೆಗೆ ತಾಗುವವರೆಗೆ ಕಾಯಿರಿ. ಕರೆತಂದವನಿಗೆ ಪೆಟ್ಟು ಬಿದ್ದಿದ್ದರೆ ಅವನನ್ನು ಒಳಗೆ ಕಳಿಸಿ ಹೊರಗೆ ತನ್ನಿ. ಹಂದಿ ಅವನನ್ನು ಬಿಡುತ್ತದೆ. ಮೊದಲನೆಯದರಲ್ಲಿ ಸುಮಾರು 150 ಫುಡ್ ಉಳಿದಿರುವಾಗಲೇ ಎರಡನೆಯ ಹಂದಿಗೆ ಒಬ್ಬನನ್ನು ಹೊರಡಿಸಿ.

ಈ ಏಳೂವರೆ ನಿಮಿಷವನ್ನು ಎದುರಾಳಿಯೇ ಇಲ್ಲದವರಂತೆ ಮೂವತ್ತು ನಲವತ್ತು ಸಲ ಒಬ್ಬರೇ ಆಡಿ. ಆಟದೊಳಗೇ ಇರುವ ಆರ್ಟ್ ಆಫ್ ವಾರ್ ಪಾಠಗಳಲ್ಲಿ ಆರಂಭದ ಎಕಾನಮಿಯದ್ದು ಇದಕ್ಕೇ ಇದೆ, ಅದರಲ್ಲಿ ಚಿನ್ನದ ಪದಕ ಬರುವ ತನಕ ಬಿಡಬೇಡಿ.

ಫ್ಯೂಡಲ್‌ಗೆ ಹೋಗುತ್ತಿರುವಾಗಲೇ 175 ಮರ ಕೊಟ್ಟು ಬ್ಯಾರಕ್ಸ್, ತಲುಪಿದ ಕ್ಷಣ ಇನ್ನೊಂದು 175ಕ್ಕೆ ಸ್ಟೇಬಲ್. ತಲಾ 80 ಫುಡ್‌ನ ಮೂರು ಸ್ಕೌಟ್ ಹೊರಟರೆ ಸಾಕು. ಎದುರಾಳಿಯ ಮರ ಕಡಿಯುವ ಜಾಗಕ್ಕೆ ಹೋಗಿ, ಅವನ ಟೌನ್ ಸೆಂಟರ್ ಬಾಣದ ಅಳತೆಯೊಳಗೆ ಹೋಗಬೇಡಿ, ಈಟಿಯವರು ಬಂದರೆ ಅಲ್ಲಿಂದ ಜಾಗ ಖಾಲಿ ಮಾಡಿ. ಒಬ್ಬ ವಿಲೇಜರ್‌ನನ್ನೂ ಕೊಲ್ಲದಿದ್ದರೂ ನಷ್ಟವಿಲ್ಲ, ಅವರು ಕೆಲಸ ಬಿಟ್ಟು ಓಡಿದರೆ ಅದೇ ಲಾಭ. ಅಪಾಯ ಇರುವುದು ನಿಮ್ಮ ಕಣ್ಣಿನಲ್ಲಿ. ಸ್ಕೌಟ್‌ಗಳನ್ನೇ ನೋಡುತ್ತ ಒಂದು ನಿಮಿಷ ಕಳೆದರೆ ಮನೆಯಲ್ಲಿ ಎರಡು ವಿಲೇಜರ್ ತಪ್ಪುತ್ತಾರೆ. ಸ್ಕೌಟ್‌ಗೆ ಒಂದು ಆಜ್ಞೆ, ಕೂಡಲೇ ಟೌನ್ ಸೆಂಟರ್‌ನ 'ಎಚ್' ಕೀ, ವಿಲೇಜರ್ ಕೀ, ಮತ್ತೆ ಸ್ಕೌಟ್: ಎಡಗೈಗೆ ಈ ತಾಳ ಕೂರಬೇಕು. ಬೇಕಾದ ಸ್ಪೀಡ್ ಇಷ್ಟೇ, 25 ಸೆಕೆಂಡಿಗೊಮ್ಮೆ ಎರಡು ಕೀ.

ಇನ್ನೊಂದು ಸೋರಿಕೆ, ಖರ್ಚಾಗದೆ ಬಿದ್ದಿರುವ ಸಂಪತ್ತು. ಮೂರನೆಯ ಘಟ್ಟವಾದ ಕ್ಯಾಸಲ್ ಏಜ್‌ಗೆ 800 ಫುಡ್, 200 ಚಿನ್ನ, ಜೊತೆಗೆ ಎರಡು ಫ್ಯೂಡಲ್ ಕಟ್ಟಡ ಬೇಕು. ಸ್ಟೇಬಲ್ ಒಂದಾಯಿತು, ಬ್ಲ್ಯಾಕ್‌ಸ್ಮಿತ್ ಇನ್ನೊಂದು. ಅಲ್ಲಿಂದ ನೈಟ್ (ಭಾರಿ ಕುದುರೆ ಸವಾರ): 60 ಫುಡ್, 75 ಚಿನ್ನ, 30 ಸೆಕೆಂಡು. ಒಂದು ಸ್ಟೇಬಲ್ ನಿಲ್ಲದೆ ನೈಟ್ ಕೊಡಬೇಕಾದರೆ ನಿಮಿಷಕ್ಕೆ 120 ಫುಡ್, 150 ಚಿನ್ನ. ಒಂದು ಟೌನ್ ಸೆಂಟರ್ ನಿಲ್ಲದೆ ನಡೆಯಲು ಮತ್ತೆ 120 ಫುಡ್. ಫುಡ್‌ಗೆ ಹತ್ತಿರ ಹನ್ನೆರಡು ಜನ, ಚಿನ್ನಕ್ಕೆ ಏಳು. ಫಾರ್ಮ್ ಎಂಟೇ ಇದ್ದು ಮರ 600 ಬಿದ್ದಿದೆ ಎಂದರೆ ಮರ ಕಡಿಯುವವರು ಅನ್ನ ದಂಡ ತಿನ್ನುತ್ತಿದ್ದಾರೆ. ತಲಾ 60 ಮರಕ್ಕೆ ಇನ್ನೂ ನಾಲ್ಕು ಫಾರ್ಮ್ ಹಾಕಿ, ಅವರಲ್ಲೇ ನಾಲ್ವರನ್ನು ಕಳಿಸಿ.

ಹಳೇಬೀಡು ಪಕ್ಕದಲ್ಲೇ ಇರುವ ನಮ್ಮವರು ಹೊಯ್ಸಳರು ಇಲ್ಲವಾ ಅಂತಲೂ ಕೇಳುತ್ತಾರೆ. ಅವರ ಹೆಸರಿನ ಪಂಗಡ ಇಲ್ಲ. 2022ರ ಡೈನಾಸ್ಟೀಸ್ ಆಫ್ ಇಂಡಿಯಾ ಎಂಬ ಹೆಚ್ಚುವರಿ ಭಾಗದಲ್ಲಿ ಬಂದ ದ್ರವಿಡಿಯನ್ಸ್ ಇದ್ದಾರೆ. ಪ್ರತಿ ಏಜ್ ಏರಿದಾಗ ಅವರಿಗೆ 200 ಮರ ಸಿಗುತ್ತದೆ, ಆದರೆ ನೈಟ್ ಇಲ್ಲ. ಮೇಲಿನ ದಾರಿ ಅವರಿಗೆ ಹೊಂದುವುದಿಲ್ಲ. ಅಭಿಮಾನ ಸರಿ, ಮೊದಲ ನೂರು ಆಟ ಮಾತ್ರ ಫ್ರಾಂಕ್ಸ್‌ನಲ್ಲೇ ಇರಲಿ.

ರೇಟಿಂಗ್ 1000ದಿಂದ ಶುರು, ಸಮಬಲದವರನ್ನು ಗೆದ್ದರೆ ಸುಮಾರು 16 ಬರುತ್ತದೆ, ಸೋತರೆ ಅಷ್ಟೇ ಹೋಗುತ್ತದೆ. ನೂರು ಆಟದಲ್ಲಿ 55 ಗೆದ್ದರೂ ಹೆಚ್ಚುವುದು 160, ಎದುರಾಳಿಗಳು ಗಟ್ಟಿಯಾಗುತ್ತ ಹೋಗುವುದರಿಂದ ಇನ್ನೂ ಕಡಿಮೆ. ಒಂದು ಸಂಜೆ ಐದು ಸೋತರೆ ಕುಗ್ಗುವ ಅಗತ್ಯವಿಲ್ಲ. ಆದರೆ ಸಾಲಾಗಿ ಮೂರು ಸೋತರೆ ಅವತ್ತಿಗೆ ಏಳಿ.

ಮಲೆನಾಡಿನವರಿಗೆ ಒಂದು ಬೇರೆ ಸಮಸ್ಯೆ ಇದೆ. ಮುಂಗಾರಿನಲ್ಲಿ ಕರೆಂಟು ಹೋದರೆ ರೌಟರ್ ಆರುತ್ತದೆ, ಸಂಪರ್ಕ ಕಡಿದರೆ ಆಟ ಸೋತಂತೆ. ರೌಟರ್‌ಗೆಂದೇ ಬರುವ ಪುಟ್ಟ ಯುಪಿಎಸ್ ಸಿಗುತ್ತದೆ. ರೌಟರ್ ಅಡಾಪ್ಟರ್ ಮೇಲೆ ಬರೆದಿರುವ ವೋಲ್ಟ್, ಆಂಪ್ ನೋಡಿಕೊಂಡು ಅದಕ್ಕೆ ತಕ್ಕದ್ದು ತನ್ನಿ. ಮನೆಗೆ ಇನ್ವರ್ಟರ್ ಇದ್ದೂ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತಿದ್ದರೆ ಅದರ ಸ್ವಿಚ್ಚನ್ನು ಯುಪಿಎಸ್ ಮೋಡ್‌ಗೆ ಹಾಕಿ. ಹಳೆಯ ಮನೆಗಳ ದಪ್ಪ ಗೋಡೆ ದಾಟಿ ವೈಫೈ ಬರುವಷ್ಟರಲ್ಲಿ ಸೊರಗಿರುತ್ತದೆ, ಲ್ಯಾನ್ ಕೇಬಲ್ಲೇ ಎಳೆಯಿರಿ.

ಪ್ರತಿ ಸೋಲಿನ ರೆಕಾರ್ಡಿಂಗ್ ಹಾಕಿ ಮೊದಲ ಹನ್ನೆರಡು ನಿಮಿಷ ಮಾತ್ರ ನೋಡಿ. ಕೊನೆಯ ಯುದ್ಧ ನೋಡಬೇಡಿ. ಒಂದು ಚೀಟಿಯಲ್ಲಿ ಎರಡೇ ಲೆಕ್ಕ ಬರೆಯಿರಿ: ಫ್ಯೂಡಲ್ ತಲುಪಿದ ಹೊತ್ತು, ಟೌನ್ ಸೆಂಟರ್ ಖಾಲಿ ನಿಂತ ಒಟ್ಟು ಸೆಕೆಂಡು. ಎರಡನೆಯದು 30ಕ್ಕಿಂತ ಕೆಳಗಿಳಿದ ಮೇಲೆ ಬಂದು ಕೇಳಿ, ಆಗ ಕೈ ಸ್ಪೀಡಿನ ಬಗ್ಗೆ ಮಾತಾಡೋಣ.