ಬೆಳಗಿನ ಡೇರಿ, ರಾತ್ರಿಯ ಮಾತ್ರೆ

ಮಂಗಳವಾರದ ಮನೋಚೈತನ್ಯ ಕ್ಲಿನಿಕ್ಕಿಗೆ, ಅಂದರೆ ಮಾನಸಿಕ ಕಾಯಿಲೆಗಳ ಚಿಕಿತ್ಸೆಯ ದಿನಕ್ಕೆ, ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಹೊಸಬರಿಗಿಂತ ಹಳಬರೇ ಹೆಚ್ಚು ಬರುತ್ತಾರೆ. ಜಿಲ್ಲೆಯಿಂದ ಬರುವ ಮನೋವೈದ್ಯರು, ಒಬ್ಬ ಶುಶ್ರೂಷಕಿ ಮತ್ತು ಸಮಾಜ ಕಾರ್ಯಕರ್ತೆಯಾದ ನಾನು ಸೇರಿ ಮಧ್ಯಾಹ್ನದೊಳಗೆ ಸಾಲನ್ನೆಲ್ಲ ಕರಗಿಸಬೇಕಾದ್ದರಿಂದ, ಪ್ರಶ್ನೆಗಳು ತಾವಾಗಿಯೇ ಮೂರಕ್ಕಿಳಿಯುತ್ತವೆ: ನಿದ್ದೆ ಬರುತ್ತದೆಯೇ, ಊಟ ಮಾಡುತ್ತಾರೆಯೇ, ಗಲಾಟೆ ಇದೆಯೇ. ಅವನ್ನೂ ನಾವು ಕೇಳುವುದು ಹೆಚ್ಚಾಗಿ ಜೊತೆಗೆ ಬಂದವರನ್ನು.

ಮಂಡ್ಯ ಕಡೆಯ ರೈತರೊಬ್ಬರ ವಿಷಯದಲ್ಲಿ ಈ ಪದ್ಧತಿ ಒಂದು ದಿನ ಮುರಿಯಿತು. (ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.) ಇಲ್ಲದ್ದು ಕೇಳಿಸುವ, ಇಲ್ಲದ ಅನುಮಾನಗಳು ಕಾಡುವ ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆಗೆ ಬಹುಕಾಲದಿಂದ ಚಿಕಿತ್ಸೆಯಲ್ಲಿದ್ದ ಅವರ ಚೀಟಿಯಲ್ಲಿ ಭೇಟಿಯಿಂದ ಭೇಟಿಗೆ ಒಂದೇ ಷರಾ, ಅವೇ ಮಾತ್ರೆಗಳು. ಎಂದಿನಂತೆ ತಾಯಿಯೇ ಉತ್ತರ ಹೇಳಿ ಮುಗಿಸಿದ್ದರು. ವೈದ್ಯರು ಅಂದು ಲೇಖನಿ ಕೆಳಗಿಟ್ಟು, ಮಗನ ಕಡೆಗೇ ತಿರುಗಿ, "ನಿಮಗೆ ಈಗ ಏನು ಮಾಡಬೇಕು ಅನ್ನಿಸುತ್ತೆ?" ಎಂದು ಕೇಳಿದರು. ಉತ್ತರ ಬರಲು ತುಸು ಹೊತ್ತೇ ಹಿಡಿಯಿತು. "ಬೆಳಿಗ್ಗೆ ಡೇರಿಗೆ ನಾನೇ ಹಾಲ್ ಹಾಕ್ಬೇಕು ಸಾರ್. ಎಚ್ಚರಾನೇ ಆಗಲ್ಲ." ತಾಯಿ ತಕ್ಷಣ, "ಅದೆಲ್ಲ ನಿಂಗ್ಯಾಕ್ಲಾ, ಮನೇಲಿ ಸುಮ್ಕಿದ್ರೆ ಸಾಕು" ಎಂದರು.

ಆ ತಾಯಿಯನ್ನು ದೂರುವುದು ಸುಲಭ, ಆದರೆ ನ್ಯಾಯವಲ್ಲ. ಹಿಂದೊಮ್ಮೆ ಕಾಯಿಲೆ ಮರುಕಳಿಸಿದಾಗ ಮಗನ ಕೈಕಟ್ಟಿ ಗೂಡ್ಸ್ ಆಟೊದಲ್ಲಿ ಕರೆತಂದದ್ದನ್ನು ಕಂಡವರು ಅವರು. ಮನೆಯಲ್ಲಿ ಸದ್ದಿಲ್ಲದಿರುವುದೇ ಅವರ ಪಾಲಿಗೆ ಆರೋಗ್ಯ. ಆಸ್ಪತ್ರೆಯ ಲೆಕ್ಕವೂ ಇದಕ್ಕಿಂತ ಬೇರೆಯಾಗಿರಲಿಲ್ಲ ಎಂಬುದು ನನ್ನ ತಕರಾರು. 1985ರಲ್ಲಿ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಆರಂಭಿಸಿದ ಪ್ರಯೋಗವೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಚಿಕಿತ್ಸೆಯನ್ನು ಜನರಿದ್ದಲ್ಲಿಗೆ ಒಯ್ಯಬೇಕೆಂಬುದು ಅದರ ಹಂಬಲ, ಮತ್ತು ಅದಿಲ್ಲದಿದ್ದರೆ ಈ ತಾಯಿ ಪ್ರತಿ ಸಲವೂ ಮಗನೊಂದಿಗೆ ಬೆಂಗಳೂರಿನ ಬಸ್ಸು ಹತ್ತಬೇಕಿತ್ತು. ಆದರೆ ಮಾತ್ರೆ ತಲುಪಿದ ಮೇಲೆ ಬದುಕು ಹೇಗಿದೆ ಎಂದು ಬರೆಯಲು ನಮ್ಮ ರಿಜಿಸ್ಟರಿನಲ್ಲಿ ಕಾಲಂ ಇಲ್ಲ. ರೋಗಲಕ್ಷಣ ತಗ್ಗಿಸುವುದಷ್ಟೇ ಅಲ್ಲ, ತನಗೆ ಬೇಕಾದ ಬದುಕನ್ನು ಕಟ್ಟಿಕೊಳ್ಳಲು ನೆರವಾಗುವುದೂ ಚಿಕಿತ್ಸೆಯೇ ಎನ್ನುವ ಚೇತರಿಕೆ ಕೇಂದ್ರಿತ ಆರೈಕೆಯ ತರಬೇತಿಗಳಲ್ಲಿ ಸ್ಲೈಡುಗಳಿಗೆ ಬರವಿರುವುದಿಲ್ಲ. ಬರವಿರುವುದು ಒಬ್ಬ ಮನುಷ್ಯನ ಉತ್ತರಕ್ಕಾಗಿ ಕಾಯುವ ಆ ಹೊತ್ತಿಗೆ.

ಮಧ್ಯಾಹ್ನ ಊಟವಾದ ಮೇಲೆ ಮತ್ತೆ ಕೂತೆವು. ಹಾಲು ಉತ್ಪಾದಕರ ಸಂಘದಲ್ಲಿ ಬೆಳಿಗ್ಗೆ ಹಾಲು ಅಳೆಯುವುದು ಆರರಿಂದ ಏಳೂವರೆಯವರೆಗೆ. ಇವರು ಏಳುವುದು ಒಂಬತ್ತಕ್ಕೆ. ಮಾತ್ರೆಗಳನ್ನು ಈ ಗಡಿಯಾರದ ಪಕ್ಕದಲ್ಲಿಟ್ಟು ನೋಡಿದಾಗ, ಹಿಂದೆಂದೋ ನಿದ್ದೆಗೆಂದು ಸೇರಿಸಿದ್ದ, ಬೆಳಿಗ್ಗೆಗೂ ಮಂಪರು ಉಳಿಸಬಲ್ಲ ಕ್ಲೋನಜೆಪಾಮ್ ಚೀಟಿಯಿಂದ ಚೀಟಿಗೆ ನಕಲಾಗುತ್ತಲೇ ಬಂದದ್ದು ಕಂಡಿತು. ವೈದ್ಯರು ಕಾಯಿಲೆಯ ಮುಖ್ಯ ಮಾತ್ರೆಯಾದ ಒಲಾಂಜಪೈನ್‌ನ ಪ್ರಮಾಣವನ್ನು ಮುಟ್ಟಲಿಲ್ಲ. ಅದನ್ನು ರಾತ್ರಿ ಹತ್ತರ ಬದಲು ಎಂಟಕ್ಕೇ ತೆಗೆದುಕೊಳ್ಳುವಂತೆ ಹೇಳಿ, ಕ್ಲೋನಜೆಪಾಮನ್ನು ವಾರಗಳ ಅಂತರದಲ್ಲಿ ಹಂತಹಂತವಾಗಿ ಇಳಿಸುವುದೆಂದು ಗೊತ್ತು ಮಾಡಿದರು. ಕಾಯಿಲೆ ತಿರುಗಿ ಬರುತ್ತಿದೆ ಎಂಬುದಕ್ಕೆ ಗುರುತೇನು ಎಂದು ಶುಶ್ರೂಷಕಿ ಕೇಳಿದಾಗ ಉತ್ತರಿಸಿದವರು ಆ ರೈತರೇ: ಸತತ ಎರಡು ರಾತ್ರಿ ನಿದ್ದೆ ಬಾರದಿರುವುದು, ಮತ್ತು ಊರಿನವರೆಲ್ಲ ತನ್ನನ್ನೇ ಆಡಿಕೊಳ್ಳುತ್ತಿದ್ದಾರೆ ಎನ್ನಿಸುವುದು. ಇಷ್ಟು ಸ್ಪಷ್ಟವಾದ ವಿವರ ಅವರ ದಪ್ಪ ಫೈಲಿನಲ್ಲಿ ಎಲ್ಲಿಯೂ ಇರಲಿಲ್ಲ. ಅಂಥ ರಾತ್ರಿ ನಾವು ಸಿಗದಿದ್ದರೆ ಕರೆ ಮಾಡಲೆಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಬರೆದುಕೊಟ್ಟೆವು.

ನನ್ನ ಪಾಲಿಗೆ ಬಂದದ್ದು ಮುಂಗಡ ನಿರ್ದೇಶನದ ಕೆಲಸ. ತನಗೆ ತೀರ್ಮಾನಿಸುವ ಸಾಮರ್ಥ್ಯ ತಪ್ಪಿದ ಕಾಲದಲ್ಲಿ ಹೇಗೆ ಆರೈಕೆ ಮಾಡಬೇಕು, ಹೇಗೆ ಮಾಡಬಾರದು ಎಂದು ವಯಸ್ಕರು ಮೊದಲೇ ಬರೆದಿಡುವ ಹಕ್ಕನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 5ನೇ ಸೆಕ್ಷನ್ ಕೊಟ್ಟಿದೆ. ತುರ್ತು ಚಿಕಿತ್ಸೆಗೆ ಮಾತ್ರ ಅದು ಅನ್ವಯಿಸುವುದಿಲ್ಲ ಎಂಬುದನ್ನೂ ಮುಚ್ಚಿಡದೆ ಹೇಳಿದೆ. ಅವರು ಬರೆಸಿದ್ದು ಚಿಕ್ಕದು. "ಕೈ ಕಟ್ಬೇಡಿ. ತಂಗಿಗೆ ಫೋನ್ ಮಾಡಿ, ಅವ್ಳು ಹೇಳಿದ್ರೆ ಬತ್ತೀನಿ." ಅಂಥ ಕಾಲದಲ್ಲಿ ತನ್ನ ಪರವಾಗಿ ನಿಲ್ಲುವ ನಾಮನಿರ್ದೇಶಿತ ಪ್ರತಿನಿಧಿಯ ಜಾಗದಲ್ಲಿಯೂ ಮದುವೆಯಾಗಿ ಪಕ್ಕದ ತಾಲ್ಲೂಕಿಗೆ ಹೋಗಿರುವ ತಂಗಿಯ ಹೆಸರನ್ನೇ ಹೇಳಿದರು. "ಹೆತ್ತೋಳು ನಾನಿಲ್ವಾ?" ಎಂದ ತಾಯಿಗೆ ಸಮಾಧಾನ ಹೇಳಲು ನನಗಾಗಲಿಲ್ಲ, ಶುಶ್ರೂಷಕಿಗೂ ಆಗಲಿಲ್ಲ. ಹೆಸರನ್ನು ಬದಲಿಸಿಕೊಳ್ಳಿ ಎಂದು ಮಗನಿಗೆ ಹೇಳದೆ ಉಳಿದದ್ದೇ ಅಂದು ನಾವು ಮಾಡಿದ ಅತಿ ಕಷ್ಟದ ಕೆಲಸವೆಂದು ನನಗನ್ನಿಸುತ್ತದೆ.

ಈಗ ವಾರದ ಹೆಚ್ಚಿನ ದಿನಗಳಲ್ಲಿ ಕ್ಯಾನು ಹಿಡಿದು ಸಂಘಕ್ಕೆ ಹೋಗುವವರು ಅವರೇ. ಎಚ್ಚರವಾಗದ ದಿನ ಅಣ್ಣ ಹೋಗುತ್ತಾನೆ. ನಡುವೆ ನಿದ್ದೆ ಕೆಟ್ಟಾಗ ತಾವೇ ಫೋನ್ ಮಾಡಿದರು, ಕ್ಲೋನಜೆಪಾಮ್ ಇಳಿಸುವುದನ್ನು ಕೆಲವು ದಿನ ಮುಂದಕ್ಕೆ ಹಾಕಿದೆವು. ಸಂಘದ ಸದಸ್ಯತ್ವ ಮಾತ್ರ ಇನ್ನೂ ತಾಯಿಯ ಹೆಸರಿನಲ್ಲಿದೆ, ಬಟವಾಡೆಯ ಹಣವನ್ನು ಅಣ್ಣನೇ ಬಿಡಿಸಿಕೊಳ್ಳುತ್ತಾನೆ. ತನ್ನ ದುಡಿಮೆಯ ಪಾಲು ತನ್ನ ಖಾತೆಗೇ ಬರಬೇಕೆಂಬುದು ಇವರ ಹೊಸ ಬೇಡಿಕೆ, ಅಣ್ಣ ಒಪ್ಪಿಲ್ಲ. ಮುಂದಿನ ಭೇಟಿಗೆ ಅಣ್ಣನೂ ಬರಬೇಕೆಂದು ಹೇಳಿ ಕಳುಹಿಸಿದ್ದೇವೆ.