ವೆಸ್ಟ್‌ಮಿನ್‌ಸ್ಟರ್ ಅರಮನೆ: ಕಲಾಪ ನಡೆಯುವ ದಿನವೇ ಹೋಗಿ

ಲಂಡನ್ನಿಗೆ ಹೋದವರಲ್ಲಿ ಅನೇಕರು ವೆಸ್ಟ್‌ಮಿನ್‌ಸ್ಟರ್ ಅರಮನೆ ಎಂದು ಕರೆಯುವ ಬ್ರಿಟಿಷ್ ಸಂಸತ್ ಭವನವನ್ನು ಸೇತುವೆಯ ಮೇಲಿಂದ ನೋಡಿ, ಗಡಿಯಾರ ಗೋಪುರದ ಮುಂದೆ ಫೋಟೊ ತೆಗೆಸಿಕೊಂಡು ಹಿಂದಿರುಗುತ್ತಾರೆ. ಆದರೆ ವಿದೇಶಿಯರಿಗೂ ಒಳಗೆ ಪ್ರವೇಶವಿದ್ದು, ಕಲಾಪ ವೀಕ್ಷಣೆಗೆ ಶುಲ್ಕವೂ ಇಲ್ಲ. ಶನಿವಾರಗಳಲ್ಲಿ ನಡೆಯುವ ಶುಲ್ಕಸಹಿತ ಮಾರ್ಗದರ್ಶಿ ಪ್ರವಾಸದಲ್ಲಿ ಸಭಾಂಗಣದೊಳಗೇ ನಡೆದಾಡಬಹುದು. ಸಾಧ್ಯವಿದ್ದರೆ ಎರಡನ್ನೂ ನೋಡಿ. ಒಂದನ್ನೇ ಆರಿಸಿಕೊಳ್ಳಬೇಕಾದರೆ ನಾನು ಕಲಾಪವನ್ನೇ ಸೂಚಿಸುತ್ತೇನೆ.

ಸಂಸತ್ತಿನ ಕೆಳಮನೆಯಾದ ಕಾಮನ್ಸ್ ಸಭೆ ಸಾಮಾನ್ಯವಾಗಿ ಸೋಮವಾರದಿಂದ ಗುರುವಾರದವರೆಗೆ ಸೇರುತ್ತದೆ. ನಡುನಡುವೆ ದೀರ್ಘ ಬಿಡುವುಗಳಿರುವುದರಿಂದ ವಿಮಾನದ ಟಿಕೆಟ್ ಕಾಯ್ದಿರಿಸುವ ಮೊದಲೇ ಸಂಸತ್ತಿನ ಜಾಲತಾಣದಲ್ಲಿ ದಿನಗಳನ್ನು ಖಚಿತಪಡಿಸಿಕೊಳ್ಳಿ. ವೆಸ್ಟ್‌ಮಿನ್‌ಸ್ಟರ್ ಮೆಟ್ರೊ ನಿಲ್ದಾಣದಲ್ಲಿ ಇಳಿದರೆ ಕ್ರಾಮ್‌ವೆಲ್ ಗ್ರೀನ್ ಪ್ರವೇಶದ್ವಾರ ಹತ್ತಿರವೇ ಇದೆ. ವಿಮಾನ ನಿಲ್ದಾಣದಲ್ಲಿರುವಂಥದ್ದೇ ತಪಾಸಣೆ ಇಲ್ಲಿಯೂ ಇರುವುದರಿಂದ ಒಂದು ಗಂಟೆ ಮುಂಚಿತವಾಗಿ ತಲುಪುವುದು ಒಳ್ಳೆಯದು.

ಮೊದಲು ಸಿಗುವುದು ವೆಸ್ಟ್‌ಮಿನ್‌ಸ್ಟರ್ ಹಾಲ್. 1097ರಲ್ಲಿ ಕಟ್ಟಿದ ಈ ವಿಶಾಲ ಸಭಾಭವನದಲ್ಲಿಯೇ 1649ರಲ್ಲಿ ಒಂದನೆಯ ಚಾರ್ಲ್ಸ್ ದೊರೆಯ ವಿಚಾರಣೆ ನಡೆಯಿತು. 1834ರಲ್ಲಿ, ಖಜಾನೆಯಲ್ಲಿ ಹಿಂದೆ ಗೀಟು ಕೊರೆದು ಲೆಕ್ಕ ಇಡುತ್ತಿದ್ದ ಮರದ ಕೋಲುಗಳನ್ನು ಕುಲುಮೆಯಲ್ಲಿ ಸುಡಲು ಹೋಗಿ ಹೊತ್ತಿಕೊಂಡ ಬೆಂಕಿಗೆ ಅರಮನೆಯ ಬಹುಭಾಗ ಆಹುತಿಯಾದರೂ ಈ ಹಾಲ್ ಉಳಿಯಿತು. ಇಲ್ಲಿ ಫೋಟೊ ತೆಗೆಯಬಹುದು, ಸಭಾಂಗಣಗಳಲ್ಲಿ ತೆಗೆಯುವಂತಿಲ್ಲ.

ಕಲಾಪಕ್ಕೆ ಕೆಲವೇ ನಿಮಿಷಗಳ ಮೊದಲು ಸೆಂಟ್ರಲ್ ಲಾಬಿಯಲ್ಲಿ ನಿಲ್ಲುವುದನ್ನು ಮಾತ್ರ ತಪ್ಪಿಸಬೇಡಿ. ಪೊಲೀಸ್ ಅಧಿಕಾರಿಯೊಬ್ಬರು ‘ಹ್ಯಾಟ್ಸ್ ಆಫ್, ಸ್ಟ್ರೇಂಜರ್ಸ್’ (ಹೊರಗಿನವರೇ, ಟೋಪಿ ತೆಗೆಯಿರಿ) ಎಂದು ಗಟ್ಟಿಯಾಗಿ ಕೂಗುತ್ತಾರೆ. ಕಾವಲಿನವರು ಶಿರಸ್ತ್ರಾಣ ತೆಗೆಯುತ್ತಾರೆ. ರಾಜದಂಡ ಹೊತ್ತ ಅಧಿಕಾರಿಯ ಹಿಂದೆ ಕಪ್ಪು ನಿಲುವಂಗಿಯ ಸ್ಪೀಕರ್ ನಡೆದುಬರುತ್ತಾರೆ. ಆ ದಂಡ ಮೇಜಿನ ಮೇಲಿಲ್ಲದೆ ಕಾಮನ್ಸ್ ಸಭೆ ವಿಧಿವತ್ತಾಗಿ ನಡೆಯುವಂತಿಲ್ಲ.

ಸಭಾಂಗಣ ನಿರೀಕ್ಷೆಗಿಂತ ಚಿಕ್ಕದು. 1941ರ ಬಾಂಬ್ ದಾಳಿಯಲ್ಲಿ ನಾಶವಾದ ಅದನ್ನು ಮರುನಿರ್ಮಿಸುವಾಗ, ಎಲ್ಲ ಸದಸ್ಯರಿಗೂ ಆಸನವಿರುವ ದೊಡ್ಡ ಸಭಾಂಗಣದಲ್ಲಿ ಚರ್ಚೆಯ ಬಿಸಿ ಆರಿಹೋಗುತ್ತದೆಂದು ಚರ್ಚಿಲ್ ವಾದಿಸಿದರು. ಆದ್ದರಿಂದಲೇ ಇಂದಿಗೂ 650 ಸದಸ್ಯರಿಗೆ 427 ಆಸನಗಳಷ್ಟೇ ಇವೆ. ಹೊಸ ಸಭಾಂಗಣಕ್ಕೆ ಕಾಮನ್‌ವೆಲ್ತ್ ದೇಶಗಳು ಕೊಡುಗೆಗಳನ್ನು ನೀಡಿದವು: ಸ್ಪೀಕರ್ ಪೀಠ ಆಸ್ಟ್ರೇಲಿಯಾದ್ದಾದರೆ, ಪ್ರವೇಶದ ಬಾಗಿಲುಗಳು ಭಾರತ ಮತ್ತು ಪಾಕಿಸ್ತಾನದವು. ಮಾರ್ಗದರ್ಶಿ ಪ್ರವಾಸದಲ್ಲಿ ಹೋದವರು ಬಾಗಿಲಿನ ಮರದ ಮೇಲಿನ ಗುಳಿಗಳನ್ನು ಹತ್ತಿರದಿಂದ ನೋಡಬೇಕು. ಅಧಿವೇಶನದ ಆರಂಭದಲ್ಲಿ ದೊರೆಯ ಪ್ರತಿನಿಧಿಯಾದ ‘ಬ್ಲ್ಯಾಕ್ ರಾಡ್’ ಎಂಬ ಅಧಿಕಾರಿ ಬಂದಾಗ ಮುಖದೆದುರೇ ಬಾಗಿಲು ಮುಚ್ಚಲಾಗುತ್ತದೆ, ಅವರು ಕೋಲಿನಿಂದ ಮೂರು ಬಾರಿ ಬಡಿದ ಮೇಲಷ್ಟೇ ತೆರೆಯಲಾಗುತ್ತದೆ. 1642ರಲ್ಲಿ ಐವರು ಸದಸ್ಯರನ್ನು ಬಂಧಿಸಲು ಚಾರ್ಲ್ಸ್ ದೊರೆ ಸಶಸ್ತ್ರರೊಂದಿಗೆ ಒಳನುಗ್ಗಿದ್ದನ್ನು ಸದನ ಮರೆತಿಲ್ಲ. ಅಧಿಕಾರದ ಎಲ್ಲೆಯನ್ನು ಇಷ್ಟು ಸ್ಪಷ್ಟವಾಗಿ ಕಣ್ಣಿಗೆ ಕಾಣಿಸುವ ಆಚರಣೆ ನನಗೆ ಬೇರೆ ಗೊತ್ತಿಲ್ಲ.

ಬುಧವಾರ ಮಧ್ಯಾಹ್ನದ ಪ್ರಧಾನಿ ಪ್ರಶ್ನೋತ್ತರಕ್ಕೆ ಬ್ರಿಟನ್ ನಿವಾಸಿಗಳಿಗೆ ಆದ್ಯತೆ ಇರುವುದರಿಂದ ನಮ್ಮಂಥವರಿಗೆ ಸ್ಥಳ ಸಿಗುವುದು ಕಷ್ಟ. ಅದಕ್ಕಾಗಿ ಕಾಯುವ ಬದಲು ಯಾವುದಾದರೂ ಸಂಜೆಯ ಮಸೂದೆ ಚರ್ಚೆಗೆ ಹೋಗಿ. ಹೊರಬಂದ ಮೇಲೆ ಸಮಯವಿದ್ದರೆ ಲ್ಯಾಂಬೆತ್ ಸೇತುವೆ ದಾಟಿ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವೇಶ್ವರರ ಪ್ರತಿಮೆಯನ್ನೂ ನೋಡಬಹುದು. ಹಿಂದಿರುಗಲು ವಾಕ್ಸ್‌ಹಾಲ್ ನಿಲ್ದಾಣ ಅನುಕೂಲ.