ಮಾತ್ರೆ ತಗೊಂಡ್ರಾ ಅಂತ ನಾನು ಕೇಳುವುದಿಲ್ಲ

ಭಾನುವಾರ ಸಂಜೆ ಎಲ್ಲಿಗೆ ಅಂತ ಯಾರಾದರೂ ಕೇಳಿದರೆ, ಗೆಳೆಯರೊಬ್ಬರ ಜೊತೆ ಚಾ ಕುಡಿಯಲಿಕ್ಕೆ ಅಂತ ಹೇಳುತ್ತೇನೆ. ಅವರಿಗೆ ಸ್ಕಿಜೋಫ್ರೇನಿಯಾ ಅನ್ನುವ ಮಾನಸಿಕ ಕಾಯಿಲೆ ಇದೆ. ನಮ್ಮಿಬ್ಬರ ಪರಿಚಯ ಮಾಡಿಸಿದ್ದು ಮಂಗಳೂರಿನ ಒಂದು ಹಗಲು ಆರೈಕೆ ಕೇಂದ್ರದವರು. ನಾನು ಅಲ್ಲಿ ಸ್ವಯಂಸೇವಕ. ಡಾಕ್ಟರ್ ಅಲ್ಲ, ಕೌನ್ಸೆಲರ್ ಅಲ್ಲ. ವಾರಕ್ಕೊಮ್ಮೆ ಹೇಳಿದ ಹೊತ್ತಿಗೆ ಸರಿಯಾಗಿ ಹೋಗುವುದು, ಒಂದೆರಡು ಗಂಟೆ ಜೊತೆಗಿರುವುದು, ಅಷ್ಟೇ ಕೆಲಸ.

ಅಷ್ಟಕ್ಕೆ ಒಬ್ಬರು ಬೇಕಾ ಅಂತ ಕೇಳುವವರಿದ್ದಾರೆ. ಬೇಕು. ಇಂಥ ಕಾಯಿಲೆ ಬಂದ ಮೇಲೆ ಒಬ್ಬರ ಸುತ್ತ ಯಾರು ಉಳಿಯುತ್ತಾರೆ ನೋಡಿ. ಡಾಕ್ಟರ್, ನರ್ಸ್, ಅಮ್ಮ, ಇಲ್ಲದಿದ್ದರೆ ಅಕ್ಕ. ಎಲ್ಲರೂ ಒಳ್ಳೆಯವರೇ. ಆದರೆ ಎಲ್ಲರೂ ಮೊದಲು ಕೇಳುವುದು ಮಾತ್ರೆ ತಗೊಂಡ್ರಾ, ನಿದ್ದೆ ಬಂತಾ ಅಂತಲೇ. ಹಳೇ ಸ್ನೇಹಿತರು ದುಬೈ, ಬೆಂಗಳೂರು ಅಂತ ಹೋಗಿರುತ್ತಾರೆ. ಊರಲ್ಲೇ ಇರುವವರು ಎದುರು ಸಿಕ್ಕಿದರೆ ಏನು ಮಾತಾಡುವುದು ಅಂತ ಗೊತ್ತಾಗದೆ ಫೋನ್ ನೋಡಿಕೊಂಡು ದಾಟಿ ಹೋಗುತ್ತಾರೆ. ಮದುವೆಗೆ, ಭೂತಕೋಲಕ್ಕೆ, ಯಕ್ಷಗಾನದ ಆಟಕ್ಕೆ ಅವನು ಬೇಡ, ಸುಮ್ನೆ ಜನ ನೋಡ್ತಾರೆ ಅಂತ ಮನೆಯಲ್ಲೇ ತೀರ್ಮಾನ ಆಗಿರುತ್ತದೆ. ಅದಕ್ಕೇ ಮಾತ್ರೆ ಬಿಟ್ಟು ಬೇರೆ ವಿಷಯ ಮಾತಾಡುವ ಒಬ್ಬರು ಬೇಕು.

ಅವರನ್ನು ನಾನು ಅಣ್ಣ ಅಂತಲೇ ಕರೆಯುವುದು. ಮೊದಮೊದಲು ಅಣ್ಣ ಮಾತೇ ಆಡುತ್ತಿರಲಿಲ್ಲ. ಸ್ಕಿಜೋಫ್ರೇನಿಯಾ ಅಂದರೆ ಕಿವಿಗೆ ದನಿಗಳು ಕೇಳಿಸುವುದು, ಸಂಶಯ ಪಡುವುದು, ಇಷ್ಟೇ ಅಂತ ತುಂಬಾ ಜನ ತಿಳಿದಿದ್ದಾರೆ. ಮಾತು ಕಡಿಮೆಯಾಗುವುದು, ಸ್ನಾನಕ್ಕೂ ಹೊರಗೆ ಹೋಗಲಿಕ್ಕೂ ಮನಸ್ಸೇ ಬಾರದಿರುವುದು, ಇದೂ ಅದೇ ಕಾಯಿಲೆಯ ಲಕ್ಷಣ. ಮನೆಯಲ್ಲಿ ಇದಕ್ಕೆ ಸೋಮಾರಿತನ ಅಂತ ಹೆಸರಿಡುತ್ತಾರೆ. ಅದು ಸೋಮಾರಿತನ ಅಲ್ಲ. ನಾವು ಪಣಂಬೂರು ಬೀಚಿನಲ್ಲಿ ಸುಮ್ನೆ ಕೂತು ಸುಮ್ನೆ ವಾಪಸ್ ಬರುತ್ತಿದ್ದೆವು.

ಒಂದು ದಿನ, ನಾಳೆ ಕಾಪುವಿಗೆ ಹೋಗಲಿಕ್ಕುಂಟು ಅಂತ ನಾನು ಹೇಳಿದೆ. ಅಣ್ಣ ತಿರುಗಿ ನೋಡಿದರು. "ಸುರತ್ಕಲ್, ಮುಕ್ಕ, ಹಳೆಯಂಗಡಿ, ಮೂಲ್ಕಿ, ಹೆಜಮಾಡಿ, ಪಡುಬಿದ್ರಿ, ಎರ್ಮಾಳು, ಉಚ್ಚಿಲ, ಮೂಳೂರು, ಕಾಪು!" ಬಾಗಿಲಲ್ಲಿ ನಿಂತು ಕೂಗುವ ಅದೇ ರಾಗ. ಕಾಯಿಲೆಗೆ ಮುಂಚೆ ಅವರು ಉಡುಪಿ ಲೈನಿನ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದರಂತೆ. ಆಮೇಲೆ ಟೈಮಿಂಗ್ ವಿಷಯಕ್ಕೆ ಹಿಂದಿನ ಬಸ್ಸಿನವರ ಜೊತೆ ಆಗುತ್ತಿದ್ದ ಜಗಳ, ಚಿಲ್ಲರೆ ಇಲ್ಲದ ಪ್ಯಾಸೆಂಜರ್‌ಗಳು, ಮಳೆಗಾಲದಲ್ಲಿ ಎಳೆದರೂ ಬಾರದ ಟರ್ಪಾಲು, ಎಲ್ಲ ಬಂತು. ಅವರ ಫೈಲಿನಲ್ಲಿ ಇದ್ಯಾವುದೂ ಇರಲಿಕ್ಕಿಲ್ಲ.

ಹೋಟೆಲಿನಲ್ಲಿ ಒಂದು ವಿಷಯ ನನಗೆ ಪ್ರತಿ ಸಲ ಬೇಜಾರಾಗುತ್ತದೆ. ಸಪ್ಲೈಯರ್ ಬಂದು ನನ್ನ ಮುಖ ನೋಡಿ "ಅವರಿಗೆ ಎಂಥ ಬೇಕಂತೆ?" ಅಂತ ಕೇಳುತ್ತಾನೆ. ನಾನು ಉತ್ತರ ಕೊಡದೆ ಅಣ್ಣನ ಕಡೆ ನೋಡುತ್ತೇನೆ. ಅವರು ಯೋಚಿಸಲಿಕ್ಕೆ ಸ್ವಲ್ಪ ಹೊತ್ತು ತಗೊಳ್ಳುತ್ತಾರೆ. ಕಾಯಲಿ, ಏನಾಯ್ತು? "ಬನ್ಸ್. ಬಿಸಿ ಇದ್ದರೆ ಮಾತ್ರ. ಚಾ ಅರ್ಧ ಗ್ಲಾಸ್." ಮಾತ್ರೆಯಿಂದ ಕೈ ನಡುಗುತ್ತದೆ, ತುಂಬಿದ ಗ್ಲಾಸ್ ಆದರೆ ಚೆಲ್ಲುತ್ತದೆ. ಅದಕ್ಕೇ ಅರ್ಧ.

ದನಿಗಳ ವಿಷಯಕ್ಕೆ ಬರುತ್ತೇನೆ. ತರಬೇತಿಯಲ್ಲಿ ನಾನು ಕಲಿತದ್ದರಲ್ಲಿ ಜಾಸ್ತಿ ಉಪಯೋಗಕ್ಕೆ ಬಂದದ್ದು ಇದೇ. ಯಾರೋ ಬೈಯುತ್ತಿದ್ದಾರೆ ಅಂತ ಅವರು ಹೇಳಿದಾಗ, ಹಾಗೆಲ್ಲ ಏನೂ ಇಲ್ಲ ಅಂತ ವಾದಕ್ಕೆ ಇಳಿಯಬಾರದು. ಹೌದು ಹೌದು ಅಂತ ತಲೆ ಆಡಿಸಲೂಬಾರದು. "ನನಗೆ ಕೇಳ್ತಾ ಇಲ್ಲ ಅಣ್ಣ, ಆದ್ರೆ ನಿಮಗೆ ತುಂಬಾ ಕಷ್ಟ ಆಗ್ತಾ ಉಂಟು ಅಲ್ವಾ" ಅಂತ ಹೇಳಬಹುದು. ಇಲ್ಲಿಂದ ಏಳುವನಾ ಅಂತ ಕೇಳಬಹುದು. ಸಾಯುವ ಮಾತು ಬಂದರೆ ಮಾತು ತಿರುಗಿಸದೆ ನೇರವಾಗಿ ಕೇಳಬೇಕು. ಹಾಗೆ ಕೇಳಿದರೆ ಆ ಯೋಚನೆ ಹುಟ್ಟಿಕೊಳ್ಳುತ್ತದೆ ಅನ್ನುವುದು ತಪ್ಪು ತಿಳುವಳಿಕೆ. ಬೇರೆಲ್ಲ ಗುಟ್ಟು ಇಟ್ಟುಕೊಳ್ಳಬಹುದು, ಇದೊಂದನ್ನು ಮಾತ್ರ ಕೇಂದ್ರದವರಿಗೆ ತಿಳಿಸಲೇಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಬೈಪೋಲಾರ್‌ಗೆ, ಅಂದರೆ ಮನಸ್ಸು ಒಮ್ಮೆ ಅತಿ ಉತ್ಸಾಹಕ್ಕೆ ಏರಿ ಒಮ್ಮೆ ಖಿನ್ನತೆಗೆ ಇಳಿಯುವ ಕಾಯಿಲೆಗೆ, ಲಿಥಿಯಂ ಮಾತ್ರೆ ತಗೊಳ್ಳುವವರ ಜೊತೆಗಾರರಿಗೆ ಒಂದು ಮಾತು. ನಮ್ಮ ಕರಾವಳಿಯ ಏಪ್ರಿಲ್, ಮೇ ಬಿಸಿಲಲ್ಲಿ ಅವರನ್ನು ಸುತ್ತಾಡಿಸಬೇಡಿ, ನೀರಿನ ಬಾಟ್ಲಿ ಜೊತೆಗಿರಲಿ. ಬೆವರಿ ಮೈಯಲ್ಲಿ ನೀರು ಕಡಿಮೆಯಾದರೆ ರಕ್ತದಲ್ಲಿ ಲಿಥಿಯಂ ಏರಿ ಅಪಾಯ ಆಗುತ್ತದೆ.

ಇದೇನು ಹೊಸ ಯೋಚನೆ ಅಲ್ಲ. ಅಮೆರಿಕದ ರಾಚೆಸ್ಟರ್‌ನಲ್ಲಿ 1973ರಲ್ಲೇ ಹೀಗೆ ಒಬ್ಬರಿಗೊಬ್ಬ ಗೆಳೆಯ ಅಂತ ಜೋಡಿ ಮಾಡುವ ಕೆಲಸ ಶುರುವಾಗಿತ್ತು, ಅದು ಈಗ ಕಂಪೀರ್ ಅನ್ನುವ ಹೆಸರಲ್ಲಿದೆ. ನಮ್ಮಲ್ಲಿ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಬಂದಿದೆ, ಇವರಿಗೂ ಎಲ್ಲರ ಹಾಗೆ ಸಮಾಜದ ನಡುವೆ ಬದುಕುವ ಹಕ್ಕಿದೆ ಅಂತ ಅದು ಹೇಳುತ್ತದೆ. ತಾಲೂಕು ಆಸ್ಪತ್ರೆಗಳಲ್ಲಿ ಮಾನಸಿಕ ಕಾಯಿಲೆ ನೋಡುವ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಇದೆ. ಇವೆಲ್ಲ ಬೇಕೇ ಬೇಕು. ಆದರೆ ಆ ಹಕ್ಕು ಹೋಟೆಲಿನ ಟೇಬಲಿನವರೆಗೆ ಬರಬೇಕಾದರೆ ಎದುರು ಕುರ್ಚಿಯಲ್ಲಿ ಯಾರಾದರೂ ಕೂರಬೇಕಲ್ವಾ?

ಮನಸ್ಸಿದ್ದವರು ಹತ್ತಿರದ ಹಗಲು ಆರೈಕೆ ಕೇಂದ್ರದಲ್ಲೋ ಜಿಲ್ಲಾ ಆಸ್ಪತ್ರೆಯ ಮಾನಸಿಕ ವಿಭಾಗದಲ್ಲೋ ಹೋಗಿ ವಿಚಾರಿಸಿ. ಹುಟ್ಟುಹಬ್ಬಕ್ಕೆ ಒಂದು ದಿನ ಊಟ ಹಾಕಿ ಫೋಟೋ ತೆಗೆದುಕೊಂಡು ಹೋಗುವವರ ಬಗ್ಗೆ ನಾನು ಹೇಳುತ್ತಿಲ್ಲ. ಕಡಿಮೆ ಅಂದರೂ ಒಂದು ವರ್ಷ ಬರಲಿಕ್ಕಾಗುತ್ತದಾ ಅಂತ ಮೊದಲು ಯೋಚಿಸಿ. ಆಗದಿದ್ದರೆ ಶುರು ಮಾಡಬೇಡಿ, ಯಾಕೆಂದರೆ ಇವರನ್ನು ಬಿಟ್ಟು ಹೋದವರು ಈಗಾಗಲೇ ಬೇಕಾದಷ್ಟು ಜನ ಇದ್ದಾರೆ. ಕೆಲಸ ಸಿಕ್ಕಿ ಬೇರೆ ಊರಿಗೆ ಹೋಗಬೇಕಾಗಿ ಬಂದರೆ ತಿಂಗಳ ಮುಂಚೆಯೇ ಅವರಿಗೇ ಹೇಳಿ. ಹೋದ ಮೇಲೆ ಫೋನ್ ಮಾಡುತ್ತೇನೆ ಅಂತ ಹೇಳಿದ್ದರೆ, ಮಾಡಿ.